ಸೀಟಿ ಹೋದ ಕಾರು

ಆ ಕಾರನ್ನು ನಮ್ಮ ಮನೆಯವರು ಕಣ್ಣಿನಿಂದ ನೋಡಿ ಕೊಂಡವರಲ್ಲ, ಕಿವಿಯಿಂದ ಕೇಳಿ ಕೊಂಡವರು. ಮೊದಮೊದಲು ಬಂದ ನೆಂಟರ ಮುಂದೆಲ್ಲ ನಾನು ಹೀಗೆ ಹೇಳಿ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಆದರೂ ನಡೆದದ್ದು ಹಾಗೆಯೇ, ಬೇರೆ ಕಡೆಯಿಂದ ಶುರು ಮಾಡಿದರೆ ಸುಳ್ಳಾಗುತ್ತದೆ.

ವಿಜಯಪುರದ ಅಥಣಿ ರಸ್ತೆಯ ಮೇಲೆ ನಮ್ಮ ಗ್ಯಾರೇಜು. ಮುಂದೆ ಗ್ಯಾರೇಜು, ಹಿಂದೆ ಮನೆ. ಪಡಸಾಲೆಯಲ್ಲಿ ನನ್ನ ರೊಟ್ಟಿ ಕೆಲಸ. ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ನಮ್ಮ ಯಜಮಾನರದು ಬ್ಲೋವರ್ ರಿಪೇರಿ. ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಔಷಧಿ ಹೊಡೆಯುವ ಯಂತ್ರಕ್ಕೆ ನಮ್ಮ ಕಡೆ ಬ್ಲೋವರ್ ಅನ್ನುತ್ತಾರೆ. ಅದರ ದೊಡ್ಡ ಫ್ಯಾನು ತಿರುಗಲು ಹತ್ತಿತೆಂದರೆ ಪಕ್ಕದಲ್ಲಿ ನಿಂತವನ ಬಾಯಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮೀಸೆ ಮೂಡುವ ಮೊದಲೇ ಅವರು ಈ ಕೆಲಸಕ್ಕೆ ಇಳಿದವರು. ಕಿವಿಯಲ್ಲಿ ಅರಳೆ ಇಟ್ಟುಕೊಳ್ಳಬೇಕು ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವರು ಒಪ್ಪುತ್ತಿರಲಿಲ್ಲ. ಅವರ ಹೊಟ್ಟೆಪಾಡೇ ಕಿವಿಯ ಮೇಲೆ ನಡೆದಿತ್ತು.

ಬಳ್ಳಿ ಸವರುವ ಚಾಟ್ನಿ ಮುಗಿದು ಔಷಧಿ ಹೊಡೆಯುವ ದಿನಗಳು ಬಂದವೆಂದರೆ ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆಯಿಂದ ಟ್ರ್ಯಾಕ್ಟರುಗಳು ನಮ್ಮ ಅಂಗಳದಲ್ಲಿ ಸಾಲು ಹಚ್ಚುತ್ತಿದ್ದವು. ಅವರು ಬ್ಲೋವರ್ ಚಾಲೂ ಮಾಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅಂಗಳದಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಚಹದ ಕಪ್ಪು ಹಿಡಿದವನು ಹಾಗೇ ಹಿಡಿದಿರುತ್ತಿದ್ದ, ತಂಬಾಕು ತಿಕ್ಕುವವನು ಕೈ ನಿಲ್ಲಿಸುತ್ತಿದ್ದ. ಯಾರೂ ಹಾಕಿದ ಕಾಯಿದೆಯಲ್ಲ ಅದು, ತಾನಾಗಿ ಬೆಳೆದ ರೂಢಿ. ಒಳಗಿನ ಬೇರಿಂಗ್ ಹೋಗೇತಿ ಎಂದು ಅವರು ಅಂದರೆ ಹೋಗಿದೆ ಅಂತಲೇ ಅರ್ಥ; ಬಿಚ್ಚಿ ನೋಡಿದರೆ ಅದೇ ಬೇರಿಂಗ್ ಸವೆದಿರುತ್ತಿತ್ತು. ಅವರು ಹೇಳಿದ ಮೇಲೆ ಎದುರು ಮಾತಾಡಿದವರನ್ನು ನಾನು ನೋಡಿಲ್ಲ. ಮನೆಯಲ್ಲಿ ಮಾತ್ರ ನಾನಿದ್ದೆ, ಎದುರು ಮಾತಾಡಲಿಕ್ಕೆ.

ಕಾರು ನಮ್ಮ ಅಂಗಳಕ್ಕೆ ಬಂದದ್ದು ನೀರು ಕೇಳಿಕೊಂಡು. ತಾಸಗಾಂವ ಕಡೆಯ ಒಣದ್ರಾಕ್ಷಿ ವ್ಯಾಪಾರಿಯೊಬ್ಬ ಕೋಲ್ಡ್ ಸ್ಟೋರೇಜಿಗೆ ಹೊರಟಿದ್ದ, ಇಂಜಿನ್ ಬಿಸಿಯಾಗಿ ಗಾಡಿ ನಿಲ್ಲಿಸಿದ. ನೋಡಲಿಕ್ಕೆ ಬೂದು ಬಣ್ಣದ ಹಳೆಯ ಸೆಡಾನ್, ಅಂಥವು ಊರಲ್ಲಿ ಬೇಕಾದಷ್ಟು ಓಡಾಡುತ್ತವೆ. ಒಳಗೆ ಮಾತ್ರ ಅದರ ಜಾತಿಯೇ ಬೇರೆ. ಟರ್ಬೊ ಇಂಜಿನ್, ಅದರ ಬಲ ಎರಡು ಗಾಲಿಗಷ್ಟೇ ಅಲ್ಲ, ನಾಲ್ಕಕ್ಕೂ ಹೋಗುತ್ತದೆ. ಮೊದಲ ಮಾಲೀಕ, ಪುಣೆಯ ಯಾರೋ ಶೋಕಿಯ ಮನುಷ್ಯ, ಸೈಲೆನ್ಸರ್ ಪೈಪು ದಪ್ಪ ಮಾಡಿಸಿ, ಇಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ, ಗಾಡಿಯನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿದ್ದ. ವ್ಯಾಪಾರಿ ನೀರು ಹಾಕಿಕೊಂಡು ರಸ್ತೆಗೆ ಏರಿ ಆಕ್ಸಲರೇಟರ್ ಒತ್ತಿದ. ಇಂಜಿನ್ನಿನ ಗದ್ದಲದ ಮೇಲೆ ಸಣ್ಣ ಎಳೆಯಂಥ ಒಂದು ಸೀಟಿ ಎದ್ದು, ಏರುತ್ತ ಹೋಗಿ, ಗೇರು ಬದಲಿಸಿದಾಗ ಉಸ್ಸೆಂದು ಬಿಟ್ಟಿತು. ಇವರು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನಡುರಸ್ತೆಗೆ ಹೋಗಿ ನಿಂತರು. ಹಿಂದಿನಿಂದ ಬಂದ ಟಂಟಂ ಆಟೋದವನು ಬೈದು ಹೋದ.

ಅಂದು ಊಟಕ್ಕೆ ಕೂತಾಗ ಬೇರೆ ಮಾತೇ ಇಲ್ಲ. ಹೊಗೆಯ ರಭಸಕ್ಕೆ ಒಳಗೆ ಒಂದು ಸಣ್ಣ ಫ್ಯಾನು ತಿರುಗುತ್ತದೆ, ಅದು ಇಂಜಿನ್ನಿಗೆ ಗಾಳಿ ತುರುಕುತ್ತದೆ, ಅದಕ್ಕೇ ಟರ್ಬೊ ಅನ್ನುವುದು ಎಂದು ರೊಟ್ಟಿಯ ಚೂರು ತಿರುಗಿಸಿ ತೋರಿಸಿದರು. ಅದೂ ಒಂದು ಬ್ಲೋವರೇ, ಆದರೆ ಇದು ಹಾಡುತ್ತದೆ ಅಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಹಾಡು ಅನ್ನುವ ಶಬ್ದ ನಾನು ಕೇಳಿರಲಿಲ್ಲ. ಆಗಲೇ ನನಗೆ ಖಾತ್ರಿಯಾಯಿತು, ಈ ಮನುಷ್ಯ ಇದನ್ನು ಬಿಡುವುದಿಲ್ಲ ಎಂದು.

ಬಿಡಲೂ ಇಲ್ಲ. ಪೆಟ್ರೋಲು ಕುಡಿಯುವುದು ನೋಡಿ ವ್ಯಾಪಾರಿಗೆ ಸಾಕಾಗಿ ಹೋದಾಗ, ಮೇಲೊಂದು ಅಂತಸ್ತು ಏರಿಸಬೇಕೆಂದು ನಾವು ತೆಗೆದಿಟ್ಟಿದ್ದೆಲ್ಲ ಆ ಕಾರಿಗೆ ಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಸಿಟ್ಟಿನಿಂದ ಮಾತು ಬಿಟ್ಟೆ. ತಾಟು ಕುಕ್ಕಿ ಇಡುವುದು, ನೀರಿನ ತಂಬಿಗೆ ಕುಕ್ಕಿ ಇಡುವುದು, ಬಾಗಿಲು ದಬಾರನೆ ಹಾಕುವುದು, ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ. ನಾನು ಮಾತು ಬಿಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಕಾರಿನ ಗುಂಗಿನಲ್ಲಿದ್ದಾರೆ ಎಂದುಕೊಂಡು ಕಡೆಗೆ ನಾನೇ ಸೋತು ಮಾತಾಡಿದೆ.

ಮೊದಲು ಅವರು ಕಾರನ್ನು ಮೇಲೆತ್ತಿದರು. ಪುಣೆಯವನು ಹಾಕಿಸಿದ ಗಿಡ್ಡ ಸ್ಪ್ರಿಂಗ್ ತೆಗೆದು, ನಮ್ಮ ರಸ್ತೆಗೆ ತಕ್ಕವು ಹಾಕಿದರು. ಇಲ್ಲದಿದ್ದರೆ ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಆ ಮಳೆಗಾಲ ಬಬಲೇಶ್ವರದಲ್ಲಿರುವ ನಮ್ಮಕ್ಕನ ತೋಟದ ಮನೆಗೆ ಹೋಗಿದ್ದೆವು. ರಾತ್ರಿಯೆಲ್ಲ ಮಳೆ ಹೊಡೆದು ಎರಿ ಮಣ್ಣು ಹಿಟ್ಟು ಕಲಸಿದಂತಾಗಿತ್ತು. ಅಕ್ಕನ ಮನೆಯ ಜೀಪು ಹೂತು ಕೂತಿತ್ತು. ಇವರು ಆರಾಮಾಗಿ ಕಾರು ಚಾಲೂ ಮಾಡಿದರು. ಅದು ನಾಲ್ಕೂ ಗಾಲಿಯಿಂದ ಮಣ್ಣು ಹಿಡಿದು, ಎಮ್ಮೆ ಕೆರೆಯಿಂದ ಏಳುವ ಹಾಗೆ ಎದ್ದು ರಸ್ತೆಗೆ ಬಂತು. ಅಕ್ಕ ಬಾಯಿ ತೆರೆದು ನೋಡಿದಳು. ನಾನು ಮೊದಲ ಸಲ ಆ ಕಾರಿನ ಬಗ್ಗೆ ಸ್ವಲ್ಪ ಜಂಭ ಪಟ್ಟೆ, ಆದರೆ ಅವರ ಮುಂದೆ ತೋರಿಸಿಕೊಳ್ಳಲಿಲ್ಲ.

ಮರಳಿ ಬರುವಾಗ ಒಂದು ಬೆರಳು ಮೇಲೆತ್ತಿ, ಈಗ ಬರತೈತಿ ಕೇಳು ಅನ್ನುತ್ತಿದ್ದರು. ಬೆರಳು ಎತ್ತಿದ ಗಳಿಗೆಗೇ ಸೀಟಿ ಬರುತ್ತಿತ್ತು. ನಮ್ಮ ಕುಕ್ಕರೂ ಹಿಂಗೇ ಹೊಡೀತೈತಿ, ಅದಕ್ಕೆ ಪೆಟ್ರೋಲ್ ಹಾಕಬೇಕಾಗಿಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಅವರು ನಕ್ಕರು. ಆ ದಿನಗಳು ಚೆನ್ನಾಗಿದ್ದವು. ಅಷ್ಟು ಚೆನ್ನಾಗಿದ್ದವು ಅಂತ ಆಗ ಗೊತ್ತಾಗಲಿಲ್ಲ ಅಷ್ಟೇ.

ಮುಂದಿನ ಬೇಸಿಗೆ ಇರಬೇಕು, ಒಂದು ಮುಂಜಾನೆ ಕಾರಿನಿಂದ ಇಳಿದವರ ಮುಖ ಸಪ್ಪಗಿತ್ತು. ಸೀಟಿ ಕಡಿಮೆಯಾಗಿದೆ ಅಂದರು. ಟರ್ಬೊದ ಸೀಟಿ ಹೋಯಿತೆಂದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಒಳಗಿನ ಫ್ಯಾನು ಸೋತಿದೆ. ಇದು ಅವರ ಲೆಕ್ಕ. ಗ್ಯಾರೇಜಿನ ಇಬ್ಬರು ಕೆಲಸಗಾರರನ್ನು ಕರೆದು, ಆಕ್ಸಲರೇಟರ್ ಒತ್ತಿಸಿ ಇಂಜಿನ್ ಏರಿಸಿ, ಕಣ್ಣು ಮುಚ್ಚಿ ನಿಂತರು. ಎಲ್ಲರೂ ಸುಮ್ಮನಾದರು. ಸೀಟಿ ಹೋಗೇತಿ ಅಂದರು. ಹೌದ್ರಿ, ಹೋಗೇತಿ ಎಂದು ಆ ಇಬ್ಬರೂ ಅಂದರು. ನಾನು ಒಳಗೆ ಹಂಚಿನ ಮುಂದೆ ಕೂತಿದ್ದೆ. ನನಗೆ ಸೀಟಿ ಕೇಳಿಸುತ್ತಿತ್ತು. ಆದರೆ ನಾನು ರೊಟ್ಟಿ ಬಡಿಯುವವಳು, ಅವರು ಹೇಳುವ ಸೀಟಿ ಬೇರೆ ಯಾವುದೋ ಇರಬೇಕು, ನಾನು ಕೇಳುವುದು ಬರೀ ಗಾಳಿಯ ಸದ್ದಿರಬೇಕು ಅಂದುಕೊಂಡೆ. ಅಂಗಳದಲ್ಲಿ ನಿಂತ ಆ ಇಬ್ಬರೂ ಹಾಗೇ ಅಂದುಕೊಂಡಿದ್ದರಂತೆ, ಎಷ್ಟೋ ದಿನದ ಮೇಲೆ ಹೇಳಿದರು. ಅವರ ಕಿವಿಗಿಂತ ನಮ್ಮ ಕಿವಿಯೇ ಸುಳ್ಳು ಎಂದು ಮೂವರೂ ನಂಬಿದ್ದೆವು.

ಹೀಗೆ ಕಾರಿನ ಉಪಚಾರ ಶುರುವಾಯಿತು. ರಬ್ಬರ್ ಪೈಪು ತೆಗೆದು ದಪ್ಪ ಸಿಲಿಕಾನ್ ಪೈಪು ಬಂದವು. ಗಾಳಿ ತಂಪು ಮಾಡುವ ಜಾಳಿಗೆ ದೊಡ್ಡದಾಯಿತು. ಏರ್ ಫಿಲ್ಟರಿನ ಡಬ್ಬಿ ಕಿತ್ತು ತೆರೆದ ಫಿಲ್ಟರ್ ಹಾಕಿದರು, ಸದ್ದು ಹೊರಗೆ ಬರಲಿ ಎಂದು. ಪ್ರತಿ ಸಲವೂ ಸೀಟಿ ಮೊದಲಿಗಿಂತ ಜೋರಾಗುತ್ತಿತ್ತು. ಅಥಣಿ ರಸ್ತೆಯ ತಿರುವಿನಲ್ಲಿ ಕಾರು ಇರುವಾಗಲೇ ನಮ್ಮ ರೊಟ್ಟಿ ಹೆಂಗಸರು ಯಜಮಾನ್ರು ಬಂದ್ರು ಅನ್ನುತ್ತಿದ್ದರು. ಪ್ರತಿ ಸಲವೂ ಅವರು ಬಾಡಿದ ಮುಖ ಹೊತ್ತು ಇಳಿಯುತ್ತಿದ್ದರು. ಕಡೆಗೆ ಕೊಲ್ಲಾಪುರಕ್ಕೆ ಒಯ್ದು ಹಳೆಯ ಟರ್ಬೊ ಇಳಿಸಿ ದೊಡ್ಡ ಟರ್ಬೊ ಕೂರಿಸಿಕೊಂಡು ಬಂದರು. ಹಳೆಯದನ್ನು ಒಗೆದ ಪಂಚೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ನಮ್ಮ ಮದುವೆಯ ಸೀರೆಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಅದೇ ದಿನಗಳಲ್ಲಿ ಮನೆಯಲ್ಲಿ ಇನ್ನೂ ಕೆಲವು ನಡೆಯುತ್ತಿದ್ದವು. ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತವರು ಕುಕ್ಕರ್ ಕೂಗಿ ಕೂಗಿ ಬೇಳೆ ಸೀದರೂ ಏಳುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಓದುವ ಮಗಳು ಫೋನ್ ಮಾಡಿದರೆ, ಹಾಂ, ಹಾಂ, ಚಲೋ ಐತಿ ಅಂದು ತಟ್ಟನೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಅಪ್ಪಗ ನನ್ನ ಮ್ಯಾಲೆ ಸಿಟ್ಟೇನು ಎಂದು ಮಗಳು ಕೇಳುತ್ತಿದ್ದಳು. ಸಿಟ್ಟಲ್ಲವ್ವ, ಕಾರಿನ ಹುಚ್ಚು ಎಂದು ನಾನು ಹೇಳುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂಗ ಆತು ನಿಮ್ಮ ಮುಂದ ಮಾತಾಡೂದು ಎಂದು ಅವರ ಬೆನ್ನಿಗೆ ನಿಂತು ಎಷ್ಟು ಸಲ ಅಂದಿದ್ದೇನೋ. ಅವರು ತಿರುಗಿ ನೋಡುತ್ತಿರಲಿಲ್ಲ.

ಬೇರೆಯವರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಮ್ಮ ಅಂಗಳದಲ್ಲಿ ಅವರ ಮುಂದೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಬ್ಲೋವರಿನ ಗದ್ದಲದಲ್ಲಿ ಎಲ್ಲರೂ ಬೊಬ್ಬೆ ಹೊಡೆಯುವವರೇ, ಎಲ್ಲರೂ ಕೈಸನ್ನೆ ಮಾಡುವವರೇ. ದಪ್ಪ ಸದ್ದುಗಳು ಇನ್ನೂ ಅವರಿಗೆ ಸಿಗುತ್ತಿದ್ದವು, ಬೇರಿಂಗಿನ ಗೊರಗೊರವನ್ನು ಕೈಯಿಟ್ಟೂ ಹಿಡಿಯುತ್ತಿದ್ದರು. ಒಂದೆರಡು ಬ್ಲೋವರ್ ಮತ್ತೆ ಕೆಟ್ಟು ಬಂದಾಗ ಬಿಡಿಭಾಗ ಖೊಟ್ಟಿ, ನಕಲಿ ಮಾಲು ಎಂದು ಎಲ್ಲರೂ ಬೈದರು. ಅವರ ಕಿವಿಯ ಮೇಲೆ ಅನುಮಾನ ಯಾರಿಗೂ ಬರಲಿಲ್ಲ.

ತಿಕೋಟಾದಲ್ಲಿ ಹಳೆಯ ಗಿರಾಕಿಯೊಬ್ಬರ ಮನೆಯ ವಾಸ್ತುಶಾಂತಿ. ದೊಡ್ಡ ದ್ರಾಕ್ಷಿ ತೋಟದ ವಯಸ್ಸಾದ ರೈತರು, ಇವರಿಗೆ ಅಣ್ಣನಿದ್ದಂತೆ. ಇಬ್ಬರೂ ಕಾರಿನಲ್ಲಿ ಹೊರಟೆವು. ಊರು ದಾಟಿ ವೇಗ ಹಿಡಿಯುತ್ತಿದ್ದಂತೆ ಇಂಜಿನ್ನಿನಿಂದ ಒಂದು ಚೀರಾಟ ಎದ್ದಿತು. ಸೀಟಿಯಲ್ಲ, ಅಂಬ್ಯುಲೆನ್ಸಿನ ಹಾಗೆ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಹಾಗೆ ಕೂಗು. ನನ್ನ ಹಲ್ಲು ಜುಮ್ಮೆಂದವು. ಏನೋ ಚೀರಾಕತ್ತೈತ್ರಿ ಅಂದೆ. ಅವರು ರಸ್ತೆ ನೋಡುತ್ತ ತಲೆಯಾಡಿಸಿದರು. ಗೊತ್ತಿದೆ, ಊರಿಗೆ ಹೋಗಿ ನೋಡುತ್ತಾರೆ ಅಂದುಕೊಂಡೆ.

ತಿಕೋಟಾ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಚಹದಂಗಡಿಯ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಕಾಯಿಪಲ್ಲೆ ಮಾರುವ ಹೆಂಗಸು ಕಿವಿ ಮುಚ್ಚಿಕೊಂಡಳು. ಒಂದು ಕೂಸು ಅಳಲು ಹತ್ತಿತು. ಇವರು ಗಾಡಿ ನಿಧಾನ ಮಾಡಿ, ಕಿಟಕಿಯ ಮೇಲೆ ಮೊಣಕೈ ಇಟ್ಟು, ಮುಖ ಅರಳಿಸಿ ನನ್ನ ಕಡೆ ತಿರುಗಿದರು.

"ಎಲ್ಲಾರೂ ಹೆಂಗ ನೋಡಾಕತ್ತಾರ ನೋಡು. ಇಂಥಾ ಗಾಡಿ ಈ ಊರಾಗ ಬಂದಿಲ್ಲ."

ಆಗ ನನಗೆ ಗೊತ್ತಾಯಿತು. ಒಂದೇ ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು: ಕುಕ್ಕರು, ಫೋನು, ನಾನು ಮಾತು ಬಿಟ್ಟದ್ದು, ಪೈಪು, ಫಿಲ್ಟರು, ಕೊಲ್ಲಾಪುರ. ಸೀಟಿನ ಅಂಚು ಹಿಡಿದು ಕೂತೆ. ಅವರ ಮುಖದ ಮೇಲಿದ್ದ ಆ ಹಿಗ್ಗನ್ನು ನನ್ನ ಕೈಯಾರೆ ಒರೆಸುವ ಧೈರ್ಯ ನನಗಿರಲಿಲ್ಲ.

ವಾಸ್ತುಶಾಂತಿಯ ಮನೆಯ ಮುಂದೆ ಕಾರು ನಿಲ್ಲುವ ಮೊದಲೇ ಆ ಹಿರಿಯ ರೈತರು ಪೆಂಡಾಲಿನಿಂದ ಹೊರಗೆ ಬಂದಿದ್ದರು. ಇಂಜಿನ್ ಬಂದ್ ಮಾಡಬೇಡಿರೆಂದು ಕೈ ಮಾಡಿ, ಬಾನೆಟ್ಟಿನ ಹತ್ತಿರ ಬಂದು, ಇವರ ಎದುರು ನಿಂತು ಹೇಳಿದರು.

"ಟರ್ಬೊ ಚೀರಾಕತ್ತೈತಲ್ರಿ. ಏನಾಗೇತಿ ನೋಡ್ರಿ."

ಎದುರು ನಿಂತು ಹೇಳಿದ್ದರಿಂದ ತುಟಿ ನೋಡಿ ಇವರಿಗೆ ತಿಳಿಯಿತು. ಕೆಳಗಿಳಿದು ಬಾನೆಟ್ ಎತ್ತಿದರು. ಅಲ್ಲಿದ್ದ ಒಬ್ಬ ಹುಡುಗನನ್ನು ಕೂರಿಸಿ ಇಂಜಿನ್ ಏರಿಸಲು ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿದರು. ಪೆಂಡಾಲಿನಲ್ಲಿದ್ದ ಗಂಡಸರೆಲ್ಲ ಅವರ ಗಿರಾಕಿಗಳೇ. ಎಲ್ಲರೂ ಸುಮ್ಮನಾದರು. ಆ ಚೀರಾಟದ ನಡುವೆ ಎಲ್ಲರೂ ಅವರ ಮುಖ ನೋಡುತ್ತ ನಿಂತರು. ನಾನು ಕಾರಿನ ಬಾಗಿಲು ಹಿಡಿದು ನಿಂತು, ಈಗಾದರೂ ಕೇಳಿಸಲಿ ದೇವರೇ ಎಂದು ಬೇಡಿಕೊಂಡೆ.

ಅವರು ಕಣ್ಣು ತೆರೆದರು. "ಏನೂ ಇಲ್ಲ," ಅಂದರು. "ಗಾಡಿ ಚಲೋ ಐತಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಿರಿಯರು ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಹೌದ್ರಿ, ನಮಗ ಹಂಗ ಅನಿಸಿತ್ತು, ಒಳಗ ಬರ್ರಿ ಅಂದರು. ಒಬ್ಬ ಗಂಡಸಿನ ಮರ್ಯಾದೆ ಉಳಿಸಲು ಅಷ್ಟೂ ಜನ ಸೇರಿ ಸುಳ್ಳು ಹೇಳಿದರು. ಹೋಳಿಗೆ ಬಡಿಸಿದರು. ನಾನು ಹಾಗೇ ಎಲೆಯಲ್ಲಿ ಬಿಟ್ಟು ಎದ್ದೆ.

ಮರಳಿ ಬರುವಾಗ ಅರಕೇರಿಯ ಹತ್ತಿರ ಹಿಂದಿನಿಂದ ನೀಲಿ ಹೊಗೆ ಎದ್ದು ಕಾರಿನ ಬಲವೇ ಹೋಯಿತು. ಬದಿಗೆ ನಿಲ್ಲಿಸಿ, ಇಂಜಿನ್ ಆರಲು ಬಿಟ್ಟು, ಪೈಪು ಬಿಚ್ಚಿ ಟರ್ಬೊದ ಬಾಯಿಗೆ ಬೆರಳು ಹಾಕಿದರು. ಫ್ಯಾನಿನ ಎಸಳುಗಳೆಲ್ಲ ಗೋಡೆಗೆ ಉಜ್ಜಿ ಮೊಂಡಾಗಿದ್ದವು. ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದರು. ಇಷ್ಟು ಉಜ್ಜಬೇಕಾದರೆ ಅದು ಎಷ್ಟು ಕೂಗಿರಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.

"ಅವರೆಲ್ಲಾರಿಗೂ ಕೇಳಸ್ತಿತ್ತು?"

ಹೌದೆಂದು ತಲೆಯಾಡಿಸಿದೆ.

"ನಿನಗೂ?"

"ನನಗೂ ಕೇಳಸ್ತಿತ್ರಿ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೈಗೆಲ್ಲ ಎಣ್ಣೆಯ ಮಸಿ ಹತ್ತಿತ್ತು, ಅದು ಮುಖಕ್ಕೂ ಹತ್ತಿತು. ನಾನು ಸೆರಗಿನಿಂದ ಒರೆಸಿದೆ. ಎತ್ತಿನ ಗಾಡಿಯವನೊಬ್ಬ ಏನಾತ್ರಿ ಎಂದು ಕೇಳುತ್ತ ಮುಂದೆ ಹೋದ.

ಕಿವಿಯ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಗದ್ದಲದಲ್ಲಿ ವರ್ಷಗಟ್ಟಲೆ ನಿಂತು ಕಿವಿಯ ಒಳಗಿನದು ಸತ್ತಿದೆ, ಸಣ್ಣ ದನಿಗಳು ಮೊದಲು ಹೋಗುತ್ತವೆ, ಗುಬ್ಬಿಯ ದನಿ, ಸೀಟಿ, ಹೆಣ್ಣುಮಕ್ಕಳ ಮಾತು, ಆಮೇಲೆ ಉಳಿದದ್ದು. ಮತ್ತ ಬರತೈತೇನ್ರಿ ಎಂದು ಇವರು ಒಂದೇ ಮಾತು ಕೇಳಿದರು. ಬರುವುದಿಲ್ಲ, ಇದ್ದದ್ದನ್ನು ದೊಡ್ಡದು ಮಾಡುವ ಮಷಿನ್ ಹಾಕಿಕೊಳ್ಳಬಹುದು ಅಂದರು ಡಾಕ್ಟರು. ಹೊರಗೆ ಬಂದ ಮೇಲೆ ನಾನು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತೆ. ಮಗಳ ದನಿ ಅವರಿಗೆ ಎಂದಿನಿಂದ ಕೇಳಿಸುತ್ತಿಲ್ಲವೋ, ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಈ ಮನುಷ್ಯ.

ಕೆಲಸಗಾರರಿಬ್ಬರೂ ಸೇರಿ ಪಂಚೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಟರ್ಬೊವನ್ನೇ ಮತ್ತೆ ಕೂರಿಸಿದರು. ಕಿವಿಯ ಮಷಿನ್ ಬಂದ ದಿನ ನಾನು ಹೊಸ ಸೀರೆ ಉಟ್ಟಿದ್ದೆ, ಯಾಕೋ. ಮಷಿನ್ ಹಾಕಿಕೊಂಡು ನೆಟ್ಟಗೆ ನನ್ನ ಹತ್ತಿರ ಬರುತ್ತಾರೆ ಅಂದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಹೆಂಗ ಕೇಳಸ್ತೈತ್ರಿ ಎಂದು ನಾನು ಕೇಳುತ್ತಿದ್ದಂತೆ ಅವರು ನನ್ನನ್ನು ದಾಟಿ ಕಾರಿನ ಹತ್ತಿರ ಹೋದರು. ಇಂಜಿನ್ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಆಮೇಲೆ ಮಷಿನ್ ಕಿವಿಯಿಂದ ಕಿತ್ತು ಕಿಸೆಗೆ ಹಾಕಿಕೊಂಡರು. ಡಬ್ಬಿಯೊಳಗಿಂದ ಬಂದಂತೆ ಬರುತ್ತದೆ, ಇದು ಅದಲ್ಲ ಅಂದರು. ನನಗೆ ತಡೆಯಲಾಗಲಿಲ್ಲ. ನನ್ನ ದನಿ ಹೇಗೆ ಕೇಳಿಸಿತು ಎಂದು ಅವರ ಎದುರು ನಿಂತು ಕೇಳಿದೆ. ಮಷಿನ್ ಹಾಕಿದ ಕಿಸೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು.

"ನಿಂದೂ ಹಂಗ. ನೆನಪಿನ್ಯಾಗ ಐತಲ್ಲ, ಅದ ಚಲೋ ಐತಿ ಬಿಡು."

ಅಂದು ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಾನು ಇಲ್ಲಿ ಜೀವಂತ ನಿಂತಿದ್ದೇನೆ, ನನ್ನ ದನಿ ದಿನಾ ಹೊಸದಾಗಿ ಹುಟ್ಟುತ್ತದೆ, ಇವರು ಯಾವಾಗಿನದೋ ಒಂದನ್ನು ಇಟ್ಟುಕೊಂಡು ಕೂತಿದ್ದಾರೆ. ಬೈದೆ. ಬೈದದ್ದೂ ಅವರಿಗೆ ಕೇಳಿಸಲಿಲ್ಲ. ಮಷಿನ್ ಈಗ ಕಪಾಟಿನಲ್ಲಿದೆ. ಮಗಳು ಊರಿಗೆ ಬಂದಾಗ ಅವಳ ಒತ್ತಾಯಕ್ಕೆ ಹಾಕಿಕೊಳ್ಳುತ್ತಾರೆ.

ಆ ವರ್ಷ ಚಾಟ್ನಿಯ ನಂತರ ಮೊದಲ ಟ್ರ್ಯಾಕ್ಟರ್ ಅಂಗಳಕ್ಕೆ ಬಂದಾಗ, ಬೇರೆ ಕಡೆ ತೋರಿಸ್ರಿ ಎಂದು ಅವರೇ ಹೇಳಿ ಕಳಿಸಿದರು. ಈಗ ಗ್ಯಾರೇಜಿನಲ್ಲಿ ಬರೀ ವೆಲ್ಡಿಂಗ್ ಕೆಲಸ. ಕಾರು ಓಡಿಸುವುದೂ ನಿಂತಿತು. ಜೀವನವೆಲ್ಲ ಅವರು ಗೇರು ಹಾಕಿದ್ದು ಕಿವಿಯಿಂದ, ಮೀಟರಿನ ಮುಳ್ಳು ನೋಡಿ ಅಲ್ಲ. ಈಗ ಇಂಜಿನ್ ಅರಚಿಕೊಂಡರೂ ಅದೇ ಗೇರಿನಲ್ಲಿ ಇರುತ್ತಿದ್ದರು. ಒಮ್ಮೆ ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಕಡೆಗೆ ಮೈಮೇಲೆ ಬಂದಂತೆ ದಾಟಿ ಹೋದ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದವರು ಮತ್ತೆ ತೆಗೆಯಲಿಲ್ಲ. ಮುಂಜಾನೆ ಕೆಲಸಗಾರ ಬಂದು ಬ್ಯಾಟರಿ ಸಾಯದಿರಲೆಂದು ಚಾಲೂ ಮಾಡುವಾಗ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. 

ಅದನ್ನು ದಿನಾ ನೋಡಲಾಗದೆ ನಾನೇ ಒಂದು ದಿನ ಕೀಲಿ ತಂದು ಅವರ ಮುಂದೆ ಹಿಡಿದೆ, ಕಲಿಸಿರಿ ಎಂದು. ಈ ವಯಸ್ಸಿನಲ್ಲಿ, ಈ ರಾಕ್ಷಸ ಗಾಡಿಯಲ್ಲಿ. ಅಥಣಿ ರಸ್ತೆಯ ಆಚೆ ಹೊಸ ಲೇಔಟು ಬಿದ್ದಿದೆ, ರಸ್ತೆಗಳಿವೆ, ಮನೆಗಳಿಲ್ಲ. ಅಲ್ಲಿ ಕಲಿತೆ. ಗೇರಿನ ಮೇಲೆ ನನ್ನ ಕೈ, ನನ್ನ ಕೈಯ ಮೇಲೆ ಅವರ ಕೈ. ಮೊದಲ ಸಲ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಸೈಟಿನ ಕಲ್ಲು ಕೆಡವಿದಾಗ ಅವರು ನಕ್ಕರು, ಬಹಳ ದಿನಗಳ ಮೇಲೆ. ಮುಳ್ಳು ನೋಡಬೇಡ ಅನ್ನುತ್ತಿದ್ದರು. ಇಂಜಿನ್ನಿಗೆ ಬೇಸರ ಬಂತು ಅನಿಸಿದಾಗ ಗೇರು ಹಾಕು, ಅದು ದನಿಯಲ್ಲೇ ಹೇಳುತ್ತದೆ, ಕೇಳಿಸಿಕೋ.

ಹೋದ ತಿಂಗಳು ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಇಬ್ಬರೂ ಬಬಲೇಶ್ವರಕ್ಕೆ ಹೋದೆವು, ನಾನೇ ಓಡಿಸಿಕೊಂಡು. ಬರುವಾಗ ಜೈನಾಪುರದ ಕಡೆಯ ರಸ್ತೆ ಖಾಲಿಯಿತ್ತು. ಎರಡೂ ಕಡೆ ದ್ರಾಕ್ಷಿ ತೋಟಗಳು, ದೂರದಲ್ಲೆಲ್ಲೋ ಒಂದು ಬ್ಲೋವರ್ ಓಡುತ್ತಿತ್ತು. ಏನಾಯಿತೋ, ನಾನು ಕಾಲು ಪೂರ್ತಿ ಒತ್ತಿದೆ. ಬೆನ್ನು ಆಸನಕ್ಕೆ ಅಂಟಿತು. ಆಗ ಸೀಟಿ ಬಂತು.

ಅಷ್ಟು ವರ್ಷ ಅಡಿಗೆಮನೆಯಿಂದ, ಪಕ್ಕದ ಸೀಟಿನಿಂದ, ಸಿಟ್ಟಿನಿಂದ, ಚೇಷ್ಟೆಯಿಂದ ಅದನ್ನು ಕೇಳಿದ್ದೆ. ನನ್ನ ಕಾಲಿನಿಂದಲೇ ಹುಟ್ಟಿ, ನನಗಾಗಿಯೇ ಏರಿ ಬಂದದ್ದು ಅದೇ ಮೊದಲು. ಸಣ್ಣಗೆ, ಸ್ವಚ್ಛವಾಗಿ, ಎಲ್ಲಿಯೂ ಎಳೆ ಹರಿಯದೆ ಏರುತ್ತ ಹೋಯಿತು. ಮೈಯೆಲ್ಲ ನವಿರೆದ್ದಿತು. ಇದಕ್ಕಾಗಿಯೇ ಅವರು ನಡುರಸ್ತೆಯಲ್ಲಿ ಪಾನಾ ಹಿಡಿದು ನಿಂತದ್ದು, ಇದಕ್ಕಾಗಿಯೇ ಮನೆಯ ಮೇಲಿನ ಅಂತಸ್ತು ಏಳದೆ ಹೋದದ್ದು, ಮತ್ತು ಅದು ತಪ್ಪಲ್ಲ ಎಂದು ನನಗೆ ಮೊದಲ ಸಲ ಅನಿಸಿತು.

"ರೀ, ಬಂತ್ರಿ," ಅಂದೆ. "ಸೀಟಿ ಬಂತ್ರಿ."

ಅವರು ಕಿಟಕಿಯಾಚೆ ತೋಟಗಳನ್ನು ನೋಡುತ್ತ ಕೂತಿದ್ದರು. ಇನ್ನೊಮ್ಮೆ ಜೋರಾಗಿ ಅಂದೆ. ನನ್ನ ಮುಖ ನೋಡಿದರೆ ಅವರಿಗೆ ತಿಳಿಯುತ್ತದೆ, ಆದರೆ ಆ ವೇಗದಲ್ಲಿ ನಾನು ಅವರ ಕಡೆ ತಿರುಗುವಂತಿರಲಿಲ್ಲ. ಬದಿಗೆ ನಿಲ್ಲಿಸಿ, ಎದುರು ಕೂತು ಹೇಳಬಹುದು. ನಿಲ್ಲಿಸಿದರೆ ಹೇಳಲಿಕ್ಕೆ ಸೀಟಿಯೇ ಇರುವುದಿಲ್ಲ. ಕಣ್ಣು ತುಂಬಿ ರಸ್ತೆ ಮಂಜಾಯಿತು. ಅವರು ಈ ಕಡೆ ನೋಡಲಿಲ್ಲ. ನಾನು ಕಾಲು ತೆಗೆಯದೆ ಒಬ್ಬಳೇ ಕೇಳುತ್ತ ಹೋದೆ.